ವಠಾರದಲ್ಲಿ ನಮಗೊಂದು ಮನೆ: ಹಾಸ್ಯಚಿತ್ರಗಳ ಬಗ್ಗೆ ಮಾವನ ಮಾತು, ನನ್ನ ಮಾತು

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕಾವ್ಯ, ಕತೆ, ಆತ್ಮಕತೆಗಳತ್ತ ತಿರುಗುತ್ತೇವೆ. ಸಿನಿಮಾದ ಮಾತು ಬಂದರೆ ‘ಚೋಮನ ದುಡಿ’ಯಂಥ ನಾಲ್ಕಾರು ಚಿತ್ರಗಳ ಹೆಸರು ಹೇಳಿ ಸುಮ್ಮನಾಗುತ್ತೇವೆ. ಆದರೆ ನಮ್ಮ ಕೇರಿಯ ಜನ ಕೂಲಿ ಕಾಸು ಕೊಟ್ಟು ನೋಡಿದ್ದು ಇಂಥ ಚಿತ್ರಗಳನ್ನಲ್ಲ. ಅವರು ನೋಡಿದ್ದು ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶರಿದ್ದ ಚಿತ್ರಗಳನ್ನು. ಆಮೇಲೆ ಕಾಶೀನಾಥ್, ಅನಂತನಾಗ್, ಜಗ್ಗೇಶರ ಚಿತ್ರಗಳನ್ನು. ಜನ ನೋಡಿ ನಕ್ಕ ಈ ಚಿತ್ರಗಳ ಬಗ್ಗೆ ನಮ್ಮ ವಿಮರ್ಶೆ ಯಾಕೆ ಬಾಯಿ ಬಿಡುವುದಿಲ್ಲ? ಅದು ಅಗ್ಗದ ಅಭಿರುಚಿ ಎಂದೇ? ಹಾಗಾದರೆ ಅಭಿರುಚಿಯಲ್ಲೂ ಮೇಲು ಕೀಳು ಉಂಟೆಂದು ನಮಗೆ ಹೇಳಿಕೊಟ್ಟವರು ಯಾರು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ, ನನ್ನ ಸೋದರಮಾವನಿಂದ ಬಂದದ್ದು. ಅವನು ಮಂಡಿಯಲ್ಲಿ ಮೂಟೆ ಹೊರುವವನು. ಓದಿದ್ದು ನಾಕನೇ ಕ್ಲಾಸು. ಸಿನಿಮಾದ ಹುಚ್ಚೇನೂ ಇಲ್ಲ. ಮೊದಲು ಟೆಂಟು, ಆಮೇಲೆ ನಂಜನಗೂಡು, ಮೈಸೂರಿನ ಥಿಯೇಟರು, ಈಗ ಮೊಬೈಲು. ಎಲ್ಲಿ ಸಿಕ್ಕಿತೋ ಅಲ್ಲಿ ನೋಡಿ ಮರೆಯುವವನು. ಕಳೆದ ರಜೆಯಲ್ಲಿ (ನಮ್ಮಂಥ ಅತಿಥಿ ಉಪನ್ಯಾಸಕರಿಗೆ ರಜೆ ಅಂದರೆ ಸಂಬಳವೂ ಇಲ್ಲ ಎಂದರ್ಥ) ಊರಿಗೆ ಹೋದಾಗ ಇಬ್ಬರೂ ಜಗುಲಿಯ ಮೇಲೆ ಕೂತು ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ನೋಡಿದೆವು. ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮುಗಿದ ಮೇಲೆ ಬೀಡಿ ಹಚ್ಚಿ ಅಂದ: ‘ಚೆಂದಾಗದೆ ಕನಾ ಅಳಿಯಾ. ಆದ್ರೆ ಆ ವಠಾರದಲ್ಲಿ ನಂಗೊಂದು ಮನೆ ಕೊಟ್ಟಾರಾ?’

ಎಂ.ಎ.ಯ ಎರಡು ವರ್ಷ ನಾನು ಓದಿದ ಸಿನಿಮಾ ವಿಮರ್ಶೆಯಲ್ಲಿ ಈ ಪ್ರಶ್ನೆ ಎಲ್ಲೂ ಎದುರಾಗಿರಲಿಲ್ಲ.

ಚಿತ್ರದ ಕತೆ ಓದುಗರಿಗೆ ಗೊತ್ತು. ರಮಣಮೂರ್ತಿಗಳ ವಠಾರ. ಅದರಲ್ಲೊಬ್ಬ ಬಾಡಿಗೆದಾರ ಗಣೇಶ. ಹಾಡುಗಾರ್ತಿ ಶ್ರುತಿಗೆ ಅವನು ಬರೆಯುವ ಕಾಗದಗಳು. ಆ ಶ್ರುತಿಯೇ ತಾನು ದಿನಾ ಜಗಳವಾಡುವ ಮಾಲೀಕರ ಮಗಳು ಆದಿಲಕ್ಷ್ಮಿ ಎಂದು ಅವನಿಗೆ ಗೊತ್ತಿಲ್ಲ. ಕಾಗದದ ಗಣೇಶ ಇವನೇ ಎಂದು ಅವಳಿಗೂ ಗೊತ್ತಿಲ್ಲ. ನಗುವೆಲ್ಲ ಈ ಗೊತ್ತಿಲ್ಲದಿರುವುದರಲ್ಲಿದೆ. ಚಿತ್ರ ಲವಲವಿಕೆಯಿಂದ ಕೂಡಿದೆ, ಅನಂತನಾಗ್ ಮತ್ತು ಮುಖ್ಯಮಂತ್ರಿ ಚಂದ್ರು ಸೊಗಸಾಗಿ ಅಭಿನಯಿಸಿದ್ದಾರೆ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಚೆನ್ನಾಗಿಲ್ಲದ್ದನ್ನು ಬೈಯುವುದು ಸುಲಭ, ಅದರಿಂದ ಕಲಿಯುವಂಥದ್ದು ಏನೂ ಇರುವುದಿಲ್ಲ.

ಮಾವನ ಪ್ರಶ್ನೆ ಕತೆ ಶುರುವಾಗುವುದಕ್ಕೆ ಮೊದಲೇ ನಡೆದುಹೋದ ಒಂದು ಸಂಗತಿಯನ್ನು ಮುಟ್ಟುತ್ತದೆ. ಗಣೇಶನಿಗೆ ವಠಾರದಲ್ಲಿ ಮನೆ ಸಿಕ್ಕಿಬಿಟ್ಟಿದೆ! ಸಿಕ್ಕ ಮೇಲೆ ಜಗಳ, ಜಗಳವಿದ್ದದ್ದಕ್ಕೆ ನಗು, ನಗುವಿನ ಕೊನೆಗೆ ಮದುವೆ. ನಮಗಾದರೋ ಕತೆ ಬಾಗಿಲಲ್ಲೇ ನಿಂತುಹೋಗುತ್ತದೆ. ಮೇಲ್ಜಾತಿಯ ಹಾಸ್ಯ ಅಂದರೆ ಅದರಲ್ಲಿ ಪಂಚಾಂಗ, ಜನಿವಾರ ಇರಲೇಬೇಕೆಂದಿಲ್ಲ. ಯಾರ ಜಾತಿಯನ್ನೂ ಕೇಳಬೇಕಾದ ಅಗತ್ಯವೇ ಬೀಳದ ಜಾಗದಲ್ಲಿ ಕತೆ ನಡೆಯುವುದೇ ಅದರ ಜಾತಿ.

ನನ್ನದೇ ಒಂದು ಸಂಗತಿ ಹೇಳಿಬಿಡುತ್ತೇನೆ. ನಾನು ಪಾಠ ಮಾಡುವ ಊರಿನಲ್ಲಿ ಬಾಡಿಗೆಗೆ ಮನೆ ಹುಡುಕುತ್ತ ನಾಲ್ಕನೆಯ ಮನೆಗೆ ಹೋದಾಗ ಯಜಮಾನರು ಕಾಫಿ ಕೊಟ್ಟು, ಕನ್ನಡ ಮೇಷ್ಟ್ರು ಅಂದರೆ ನಮಗೆ ತುಂಬಾ ಗೌರವ ಎಂದು ಹೇಳಿ, ‘ತಾವು ಯಾವ ಪೈಕಿ?’ ಎಂದು ಕೇಳಿದರು. ಹೇಳಿದೆ. ಮಾರನೇ ದಿನ ಫೋನು ಬಂತು: ‘ನಮ್ಮ ಮಗನೇ ಬರ್ತಾನಂತೆ ಸಾರ್, ತಪ್ಪು ತಿಳೀಬೇಡಿ.’ ಐದನೆಯ ಮನೆಯಲ್ಲಿ ನಾನು ಸುಳ್ಳು ಹೇಳಿದೆ. ಮನೆ ಸಿಕ್ಕಿತು. ಅಂದಿನಿಂದ ಅಲ್ಲಿ ಬಾಡು ಬೇಯಿಸಿಲ್ಲ. ಬಾಬಾಸಾಹೇಬರ ಪಟ ಗೋಡೆಗೆ ಬಂದಿಲ್ಲ, ಟ್ರಂಕಿನಲ್ಲೇ ಇದೆ. ಒಂದು ಸಲ ಮಾವ ಮೂಟೆ ಅವರೆಕಾಯಿ ಹೊತ್ತುಕೊಂಡು ನನ್ನನ್ನು ನೋಡಲು ಬಂದಾಗ, ಅವನ ಮಾತು ಕೇಳಿದರೆ ಮನೆಯವರಿಗೆ ಗೊತ್ತಾಗಿಬಿಡುತ್ತದೆಂದು ಹೆದರಿ, ಬಸ್ ಸ್ಟ್ಯಾಂಡಿನಲ್ಲೇ ಟೀ ಕುಡಿಸಿ ಕಳಿಸಿದೆ. ಅವನು ಏನೂ ಕೇಳಲಿಲ್ಲ. ಕೇಳಿದ್ದು ಆ ಜಗುಲಿಯ ಮೇಲೆ, ‘ಗಣೇಶನ ಮದುವೆ’ ಮುಗಿದ ಮೇಲೆ. ನಂಗೊಂದು ಮನೆ ಕೊಟ್ಟಾರಾ ಎಂದು ಅವನು ಕೇಳಿದ್ದು ಬರೀ ರಮಣಮೂರ್ತಿಗಳನ್ನಲ್ಲ.

ಹಾಸ್ಯಚಿತ್ರದ ದೊಡ್ಡ ಬಂಡವಾಳವೇ ಸುಳ್ಳು. ಗುರುತು ಮರೆಸುವುದು, ಹೆಸರು ಬದಲಿಸುವುದು, ಇಲ್ಲದ ಸಂಬಂಧ ಕಟ್ಟುವುದು. ಫಣಿ ರಾಮಚಂದ್ರರದೇ ‘ಗೌರಿ ಗಣೇಶ’ದಲ್ಲಿ (1991) ಲಂಬೋದರ ತೀರಿಹೋದ ಹೆಣ್ಣೊಬ್ಬಳ ಡೈರಿ ಹಿಡಿದು ಮೂವರು ಗಂಡಸರನ್ನು ಯಾಮಾರಿಸುತ್ತಾನೆ. ನಾವು ಅವನ ಕಡೆಗೇ ನಿಂತು ನಗುತ್ತೇವೆ. ಯಾಕೆಂದರೆ ಸುಳ್ಳು ಬಯಲಾದರೂ ಅವನಿಗೆ ಆಗುವುದು ಬರೀ ಮುಜುಗರ. ನಾನು ಮನೆಗಾಗಿ ಹೇಳಿದ ಸುಳ್ಳೂ ಅದೇ ಜಾತಿಯದು. ಪಾತ್ರ, ಮಾತು, ಸಿಕ್ಕಿಬೀಳುವ ಭಯ ಎಲ್ಲವೂ ಇದೆ. ಆದರೆ ಅದು ಬಯಲಾದ ದಿನ ಯಾರೂ ನಗುವುದಿಲ್ಲ. ಗುರುತು ಮರೆಸುವುದು ಒಬ್ಬರಿಗೆ ಆಟ, ಇನ್ನೊಬ್ಬರಿಗೆ ಹೊಟ್ಟೆಪಾಡು. ಇದನ್ನು ಕಾಣದ ವಿಮರ್ಶೆ ಹಾಸ್ಯವನ್ನು ‘ಎಲ್ಲರಿಗೂ ಸಲ್ಲುವ ಶುದ್ಧ ಮನರಂಜನೆ’ ಎಂದು ಕರೆಯುತ್ತದೆ.

ಹಾಗಾದರೆ ಮಾವ ಯಾಕೆ ನಕ್ಕ? ಅವನು ಮೋಸಹೋದ ಪ್ರೇಕ್ಷಕನೇ? ಅಲ್ಲ. ಅವನು ನಗುತ್ತಲೂ ಇದ್ದ, ಬಾಗಿಲು ಯಾರಿಗೆ ತೆರೆದಿದೆ ಎಂದು ನೋಡುತ್ತಲೂ ಇದ್ದ. ಒಂದು ಕಣ್ಣು ತೆರೆಯ ಮೇಲೆ, ಇನ್ನೊಂದು ಕಣ್ಣು ತನ್ನ ಮೇಲೆ. ಈ ಎರಡು ಕಣ್ಣಿನ ನೋಟ ಅವನಿಗೆ ಯಾರೂ ಕಲಿಸಿದ್ದಲ್ಲ, ಊರಿನ ಬೀದಿಯಲ್ಲಿ ನಡೆದು ಬಂದದ್ದು. ಜನಪ್ರಿಯ ಸಿನಿಮಾ ನೋಡುವ ಬಡವರು ಬರೀ ಮಂಕುಬಡಿದವರು ಎಂದು ಬರೆಯುವ ನಮ್ಮ ಪ್ರಗತಿಪರ ಗೆಳೆಯರು ಇದನ್ನು ಗಮನಿಸಬೇಕು.

ನರಸಿಂಹರಾಜು ಬಗ್ಗೆ ಮಾವನ ಅಭಿಪ್ರಾಯವನ್ನೂ ಇಲ್ಲಿ ದಾಖಲಿಸಬೇಕು. ನಾಟಕ ಕಂಪನಿಗಳಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಜತೆಗೇ ತೆರೆಗೆ ಬಂದ ನಟ ಅವರು. ‘ಅವನ್ನ ನೋಡ್ದೇಟ್ಗೇ ನಗ ಬರದು. ನಮ್ಮಂಗೇ ಹಸ್ಕಂಡಿರೋನಂಗೆ ಇದ್ದ ಕನಾ’ ಎಂದ ಮಾವ. ಬಡಕಲು ಮೈ, ಮುಂದೆ ಬಂದ ಹಲ್ಲು. ಮೇಲಿನವರಿಗೆ ಅದು ವಿಕಾರವಾಗಿ ಕಂಡು ನಗು ಬಂದಿರಬಹುದು. ಕೇರಿಗೆ ಅದು ಪರಿಚಯದ ಮೈಯಾಗಿ ಕಂಡು ನಗು ಬಂತು. ಒಂದೇ ಟೆಂಟಿನಲ್ಲಿ, ಒಂದೇ ಗಳಿಗೆಯಲ್ಲಿ ಎರಡು ಬೇರೆ ಬೇರೆ ನಗು. ಆಮೇಲಿನ ಎಷ್ಟೋ ಹಾಸ್ಯದಲ್ಲಿ ಈ ಪರಿಚಯ ಸತ್ತು ಲೇವಡಿ ಮಾತ್ರ ಉಳಿಯಿತು. ಕಪ್ಪು ಬಣ್ಣ, ದಪ್ಪ ಮೈ, ಕೆಲಸದಾಳಿನ ಹಳ್ಳಿ ಮಾತು—ಇವನ್ನು ತೋರಿಸಿದರೆ ಸಾಕು, ಜೋಕು ಆಯಿತು ಎಂಬ ನಂಬಿಕೆ ಬೆಳೆಯಿತು. ನಾಯಕನ ಬಾಯಲ್ಲಿ ಪೇಟೆ ಕನ್ನಡ, ಅವನ ಹಿಂದೆ ಓಡುವವನ ಬಾಯಲ್ಲಿ ನಮ್ಮ ಮಾವನ ಕನ್ನಡ! ನಾನು ಬಸ್ ಸ್ಟ್ಯಾಂಡಿನಲ್ಲಿ ಆ ಮಾತಿಗೆ ಹೆದರಿದ್ದರಲ್ಲಿ ಈ ಸಿನಿಮಾಗಳ ಪಾಲೂ ಇದೆ.

ಆದರೆ ಮಾವನ ಜತೆ ನಾನು ಜಗಳವಾಡುವ ಜಾಗವೂ ಒಂದಿದೆ. ‘ಅನುಭವ’ದಿಂದ (1984) ಮುಂದಕ್ಕೆ ಎಷ್ಟೋ ಚಿತ್ರಗಳಲ್ಲಿ ಉಮಾಶ್ರೀಯವರಿಗೆ ಕೊಟ್ಟ ದ್ವಂದ್ವಾರ್ಥದ ಹಾಸ್ಯಕ್ಕೆ ಮಾವ ಇವತ್ತೂ ತೊಡೆ ತಟ್ಟಿ ನಗುತ್ತಾನೆ. ‘ನಮ್ಮವ್ವನೂ ನಗೋಳಾ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮವ್ವ ಎದ್ದು ಆಚೆ ಹೋಗೋಳು’ ಎಂದ. ಕೇರಿಯ ಗಂಡಸಿನ ನಗು ಕೇರಿಯ ಹೆಂಗಸಿನ ನಗುವಲ್ಲ. ಇದನ್ನು ಹೇಳದೆ ‘ನಮ್ಮ ಜನರ ನಗು’ ಎಂದು ಒಟ್ಟಿಗೆ ಮಾತಾಡಿದರೆ ನಾವೂ ವಠಾರದ ಮಾಲೀಕರಂತೆಯೇ ಆಗುತ್ತೇವೆ. ಇದೇ ಉಮಾಶ್ರೀ ದೇವನೂರ ಮಹಾದೇವರ ‘ಒಡಲಾಳ’ ಸಿ.ಜಿ.ಕೆ.ಯವರ ಕೈಯಲ್ಲಿ ರಂಗಕ್ಕೆ ಬಂದಾಗ ಹುಂಜ ಹುಡುಕುವ ಸಾಕವ್ವನಾಗಿ ನಿಂತವರು. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ (2008) ಸಿನಿಮಾದ ಮೋಹದ ಸೂಲಗಿತ್ತಿ ಗುಲಾಬಿಯಾಗಿ ರಾಷ್ಟ್ರಪ್ರಶಸ್ತಿ ಪಡೆದವರು. ಸಾಕವ್ವನ ಮಾತಿನಲ್ಲೂ ಬೈಗುಳವಿದೆ, ನಗುವಿದೆ. ಆದರೆ ಅಲ್ಲಿ ನಗಿಸುವವಳು ಸಾಕವ್ವ, ಸಿನಿಮಾದಲ್ಲಿ ನಗೆಗೀಡಾಗುವುದು ಹೆಣ್ಣಿನ ಮೈ. ನಟಿ ಒಬ್ಬರೇ. ನಾಚಬೇಕಾದದ್ದು ಅವರಲ್ಲ, ಅವರಿಂದ ಅಷ್ಟನ್ನೇ ಕೇಳಿದ ಉದ್ಯಮ. ತಮಿಳಿನಲ್ಲಿ ವರ್ಷಗಟ್ಟಲೆ ಒದೆ ತಿಂದು ನಗಿಸಿದ ವಡಿವೇಲು ಅವರನ್ನು ಮಾರಿ ಸೆಲ್ವರಾಜ್ ‘ಮಾಮನ್ನನ್’ನಲ್ಲಿ (2023) ದಲಿತ ಶಾಸಕನಾಗಿ ನಿಲ್ಲಿಸಿದಾಗ ಪ್ರೇಕ್ಷಕರಿಗೆ ತಮ್ಮ ಹಳೆಯ ನಗುವಿನ ಬಗ್ಗೆಯೇ ಅನುಮಾನ ಹುಟ್ಟಿತು. ಅಂಥ ಅನುಮಾನ ಹುಟ್ಟಿಸುವ ಕೆಲಸ ನಮ್ಮಲ್ಲಿ ರಂಗಭೂಮಿ ಮಾಡಿದೆ, ಜನಪ್ರಿಯ ಸಿನಿಮಾ ಮಾಡಿಲ್ಲ.

ಇನ್ನು ನಮ್ಮನ್ನು ಗಂಭೀರವಾಗಿ ತೆಗೆದುಕೊಂಡ ಸಿನಿಮಾ ಏನು ಮಾಡಿತು? ಬಿ.ವಿ. ಕಾರಂತರ ‘ಚೋಮನ ದುಡಿ’ (1975) ಸ್ವರ್ಣಕಮಲ ಪಡೆಯಿತು. ಎಂ.ವಿ. ವಾಸುದೇವರಾಯರ ಚೋಮ ಮರೆಯಲಾಗದ ಚೋಮ. ಅದರ ಬಗ್ಗೆ ಸೆಮಿನಾರಿನಲ್ಲಿ ಪ್ರಬಂಧ ಓದಿ ಚಪ್ಪಾಳೆ ಗಿಟ್ಟಿಸಿದವನು ನಾನು. ಮಾವ ಅದನ್ನು ಟೀವಿಯಲ್ಲಿ ನೋಡಿದ್ದಾನೆ. ‘ಅಯ್ಯೋ ಅನ್ಸುತ್ತೆ. ಆದ್ರೆ ಆ ಮನೇಲಿ ನಡ್ದ ಒಂದು ತಮಾಸೆನೂ ನೆಪ್ಪಿಗೆ ಬರಲ್ವಲ್ಲಾ’ ಎಂಬುದು ಅವನ ದೂರು. ದಲಿತನಿಗೆ ಅಳು ಮೀಸಲು, ನಗು ವಠಾರಕ್ಕೆ—ಇದು ಕನ್ನಡ ಸಿನಿಮಾ ಮಾಡಿಕೊಂಡ ಪಾಲು ವಿಭಾಗ. ಅನುಕಂಪವೂ ಒಂದು ದೂರವೇ. ನೋಡುವವನಿಗೆ ಅದರಿಂದ ಕಣ್ಣೀರಿನ ಪುಣ್ಯ ಸಿಗುತ್ತದೆ. ಪಕ್ಕದ ಮನೆಗೆ ನಮ್ಮನ್ನು ಬಿಟ್ಟುಕೊಳ್ಳುವ ತೊಂದರೆ ಬರುವುದಿಲ್ಲ.

ನಮ್ಮ ಪರಂಪರೆ ಇಂಥದಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಗಬ್ಬು ನಾರುವ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಮೂಗು ಮುಚ್ಚಿಕೊಂಡ ಶರಣರ ಬಣ್ಣ ಬಯಲಾಗುತ್ತದೆ. ಅಲ್ಲಿಯೂ ವೇಷವಿದೆ, ಬಾಗಿಲಿದೆ, ನಗುವಿದೆ. ಆದರೆ ಕೊನೆಗೆ ನಗೆಪಾಟಲಾಗುವುದು ಬಾಗಿಲು ಮುಚ್ಚಿದವರು! ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದಿದವರಿಗೂ ಇದು ಗೊತ್ತು. ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುವುದನ್ನು ಕಂಡ ಬಾಲಕನ ಪುಸ್ತಕವೇ ಕನ್ನಡದಲ್ಲಿ ಅತಿ ಹೆಚ್ಚು ನಗಿಸುವ ಆತ್ಮಕತೆಗಳಲ್ಲಿ ಒಂದು. ಡಿ.ಆರ್. ನಾಗರಾಜ್ ಅದನ್ನು ಬಡವರ ನಗುವಿನ ಶಕ್ತಿ ಎಂದು ಗುರುತಿಸಿದರು. ನಮ್ಮ ಚಳವಳಿ ರೊಚ್ಚನ್ನು ಹಾಡಾಗಿಸಿತು, ಅದು ಬೇಕಿತ್ತು. ಆದರೆ ನಗುವನ್ನು ಹಗುರವೆಂದು ಪಕ್ಕಕ್ಕಿಟ್ಟದ್ದರಲ್ಲಿ ನಮ್ಮ ತಪ್ಪೂ ಇದೆ.

ಬೇರೆ ದಾರಿ ಸಾಧ್ಯವೇ? ಪಾ. ರಂಜಿತ್ ತಮ್ಮ ಮೊದಲ ಚಿತ್ರ ‘ಅಟ್ಟಕತ್ತಿ’ಯಲ್ಲಿ (2012) ಚೆನ್ನೈ ಹೊರವಲಯದ ಪಡ್ಡೆ ಹುಡುಗನೊಬ್ಬನ ಸೋತ ಪ್ರೇಮಗಳನ್ನು ಬರೀ ತಮಾಷೆಯಾಗಿ ಹೇಳಿದರು. ಹುಡುಗ ಯಾವ ಕೇರಿಯವನೆಂದು ಭಾಷಣ ಮಾಡಲಿಲ್ಲ. ಮನೆ, ಊಟ, ಬೀದಿ ನೋಡಿದರೆ ತಿಳಿಯುತ್ತಿತ್ತು. ಅವನಿಗೆ ಪೆದ್ದನಾಗಿರುವ ಸ್ವಾತಂತ್ರ್ಯವಿತ್ತು. ಕನ್ನಡದಲ್ಲಿ ‘ತಿಥಿ’ (2015) ಮಂಡ್ಯದ ಹಳ್ಳಿಯ ಜನರನ್ನೇ ನಿಲ್ಲಿಸಿ, ಅವರ ಮಾತನ್ನು ಲೇವಡಿ ಮಾಡದೆ ನಗಿಸಿತು. ದೊಡ್ಡ ಹೆಜ್ಜೆಯೇ. ಆದರೆ ಅಲ್ಲಿಯೂ ಕತೆಯ ನಡುಮನೆ ಗೌಡರದು. ಕೇರಿಯ ಹುಡುಗ ಕಾಗದ ಬರೆದು, ಪೆದ್ದನಾಗಿ, ಏಟು ತಿಂದು ಸಾಯದೆ, ಮದುವೆಯಾಗುವ ಒಂದು ಕನ್ನಡ ಹಾಸ್ಯಚಿತ್ರ ನೋಡಬೇಕೆಂಬುದು ನನ್ನ ಆಸೆ. ಅಂಥ ಚಿತ್ರ ಬರುವವರೆಗೆ ವಿಮರ್ಶಕರಾದ ನಾವು ಮಾವನಂಥವರ ಪಕ್ಕ ಕೂತು ನೋಡುವುದನ್ನಾದರೂ ಕಲಿಯೋಣ. ಅವರು ಎಲ್ಲಿ ನಕ್ಕರು, ಎಲ್ಲಿ ನಗು ನಿಲ್ಲಿಸಿದರು, ಯಾರು ಎದ್ದು ಆಚೆ ಹೋದರು—ನಮ್ಮ ವಿಮರ್ಶೆಯ ಪಠ್ಯ ಅಲ್ಲಿದೆ.

ಇಷ್ಟನ್ನೂ ಬರೆದು ಮಾವನಿಗೆ ಓದಿ ಹೇಳಿದೆ. ಉಮಾಶ್ರೀ ವಿಚಾರದಲ್ಲಿ ತಲೆ ತಗ್ಗಿಸಿದ, ನರಸಿಂಹರಾಜು ಬಂದಾಗ ನಕ್ಕ. ಕೊನೆಗೆ, ‘ಅಷ್ಟುದ್ದ ಬರ್ದಿದ್ದೀಯಲ್ಲ ಅಳಿಯಾ, ಆ ಪಟ ಗ್ವಾಡೆಗೆ ಹಾಕ್ದಾ?’ ಎಂದು ಕೇಳಿದ. ಇನ್ನೂ ಇಲ್ಲ ಮಾವ ಅಂದೆ. ಈ ಸಂಚಿಕೆ ಅಚ್ಚಾಗಿ ಬಂದ ದಿನ ಹಾಕುವುದೆಂದು ಮಾತಾಗಿದೆ. ಅವತ್ತು ಮೊಳೆ ಹೊಡೆಯಲು ಅವನೇ ಬರುತ್ತಾನಂತೆ.