ಹುಡುಕಿದ್ದಕ್ಕೆ ಕೂಲಿ ಎಷ್ಟು?

ಮಂಡ್ಯದಲ್ಲಿರುವ ನಮ್ಮಪ್ಪನ ಹತ್ರ 1999ರ ಮಾರುತಿ 800 ಇದೆ. ಕಾರ್ಬುರೇಟರ್ ಗಾಡಿ. ಕಳೆದ ವರ್ಷ ಅದಕ್ಕೊಂದು ಕಾಯಿಲೆ ಶುರುವಾಯ್ತು. ಕೀ ತಿರುಗಿಸಿದರೆ ‘ಟಿಕ್’ ಅಂತ ಸದ್ದು, ಅಷ್ಟೇ. ಐದು ನಿಮಿಷ ಬಿಟ್ಟು ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಮದ್ದೂರಿನ ಮದುವೆಯೊಂದಕ್ಕೆ ಹೋದ ಅಪ್ಪ, ರಾತ್ರಿ ಹತ್ತು ಗಂಟೆಗೆ ಛತ್ರದ ಮುಂದೆ ನೆಂಟರ ಕೈಲಿ ಕಾರು ತಳ್ಳಿಸಿಕೊಂಡು ಬಂದವರು, ‘ಗುಜರಿಗೆ ಹಾಕ್ಬುಡಣ ಕಣಪ್ಪ’ ಅಂದರು. ಆ ಕಾರು ಹೋದರೆ ಅವರು ಮನೆಯಿಂದ ಹೊರಡೋದೇ ನಿಲ್ಲುತ್ತೆ ಅಂತ ನನಗೆ ಗೊತ್ತಿತ್ತು.

ಮಂಡ್ಯದ ಒಂದು ಅಂಗಡಿಯಲ್ಲಿ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂತು: ‘ಬ್ಯಾಟ್ರಿ ಹೋಗದೆ ಸಾ.’ ಹೊಸ ಬ್ಯಾಟರಿ ಬಂತು. ಮೂರು ವಾರಕ್ಕೆ ಮತ್ತೆ ಟಿಕ್. ಮದ್ದೂರಿನ ಹಳೇ ರಸ್ತೆಯ ಇನ್ನೊಂದು ಅಂಗಡಿಯಲ್ಲಿ ಸೆಲ್ಫ್ ಮೋಟರ್ ಬಿಚ್ಚಿ ರಿಪೇರಿ ಮಾಡಿದರು. ಒಂದು ತಿಂಗಳು ನಡೀತು. ಮತ್ತೆ ಟಿಕ್.

ಇಬ್ಬರೂ ಕಳ್ಳರಲ್ಲ, ಹಾಕಿದ ಸಾಮಾನೂ ಖೋಟಾ ಅಲ್ಲ. ನನ್ನ ತಕರಾರು ಇಬ್ಬರೂ ಬಿಟ್ಟ ಒಂದು ಹೆಜ್ಜೆಯ ಬಗ್ಗೆ. ಯಾರೂ ಅಳೆದು ನೋಡಲಿಲ್ಲ. ಆಫೀಸಲ್ಲಿ ಸರ್ವರ್ ಬಿದ್ದರೆ ಲಾಗ್ ನೋಡದೆ ಹೊಸ ಸರ್ವರ್ ತರಿಸುವವನನ್ನು ನಾವು ಕೆಲಸದಲ್ಲಿ ಇಟ್ಕೊಳ್ತೀವಾ? ಅಪ್ಪನ ಕಾರಿನ ವಿಷಯದಲ್ಲಿ ಎರಡು ಸಲ ಅದನ್ನೇ ಒಪ್ಪಿಕೊಂಡು ದುಡ್ಡು ಕೊಟ್ಟೆ.

ಮೂರನೇ ಸಲ ಕೈಕೊಟ್ಟಿದ್ದು ಮಳವಳ್ಳಿಯಲ್ಲಿ, ಅತ್ತೆ ಮನೆ ಮುಂದೆ. ಹತ್ತಿರದಲ್ಲಿದ್ದ ವಯಸ್ಸಾದ ಎಲೆಕ್ಟ್ರಿಕಲ್ ಮೇಸ್ತ್ರಿಯನ್ನು ಕರೆದುಕೊಂಡು ಬಂದ್ವಿ. ಅವರು ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ. ‘ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ ಸಾ’ ಅಂದರು. ಹೊಡೆದೆ. ಟಿಕ್. ಲೈಟು ಮಾತ್ರ ಮಂಕಾಗಲಿಲ್ಲ. ‘ಬ್ಯಾಟ್ರಿ ಸರಿಯಾಗದೆ ಬುಡಿ’ ಅಂದರು.

ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಸೆಲ್ಫ್ ಹೊಡೆದಾಗ ಹೆಡ್‌ಲೈಟ್ ಸತ್ತೇ ಹೋದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ಮೇಲೆ ಅನುಮಾನ ಪಡಬೇಕು. ಲೈಟು ಹಾಗೇ ಉರೀತಿದ್ದರೆ ಕರೆಂಟು ಸೆಲ್ಫ್ ಮೋಟರಿನವರೆಗೆ ಹೋಗ್ತಿಲ್ಲ, ಅಥವಾ ವಾಪಸ್ ಬರ್ತಿಲ್ಲ. ಈ ವಾಪಸ್ ಬರೋ ದಾರಿಯನ್ನೇ ಎಲ್ಲರೂ ಮರೆಯೋದು. ಮೇಸ್ತ್ರಿ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರೀ ಲೋಹಕ್ಕೆ ಇಟ್ಟು ಮತ್ತೆ ಸೆಲ್ಫ್ ಹೊಡೆಸಿದರು. ಅಲ್ಲಿ ಅರ್ಧ ವೋಲ್ಟಿಗಿಂತ ಕಮ್ಮಿ ತೋರಿಸಬೇಕು. ತೋರಿಸಿದ್ದು ನಾಲ್ಕರ ಹತ್ರ. ಎಂಜಿನ್ನಿಗೆ ಹೋಗುವ ಅರ್ತ್ ಕೇಬಲ್ಲಿನ ಬೋಲ್ಟ್ ಕೆಳಗೆ ತುಕ್ಕು, ಹಸಿರು ಕಿಲುಬು. ಗಾಡಿ ಅಲ್ಲಾಡಿದಾಗ ಒಂದೊಂದು ಸಲ ತಾಗೋದು, ಒಂದೊಂದು ಸಲ ಇಲ್ಲ.

ಇಷ್ಟು ತುಕ್ಕಿಗೆ ಅಷ್ಟು ದೊಡ್ಡ ಕಾರು ನಿಲ್ಲುತ್ತಾ? ಲೆಕ್ಕ ಹಾಕಿ. ಸೆಲ್ಫ್ ಮೋಟರ್ 100 ಆಂಪಿಯರ್ ಆಸುಪಾಸು ಎಳೆಯುತ್ತೆ. ದಾರಿಯಲ್ಲಿ 0.04 ಓಮ್ ಅಡ್ಡ ಬಂದರೂ 4 ವೋಲ್ಟ್ ಅಲ್ಲೇ ಖರ್ಚು. ಇರೋದೇ 12. ಹೆಡ್‌ಲೈಟಿನ ಒಂದು ಬಲ್ಬಿಗೆ ಬೇಕಾದ್ದು ಸುಮಾರು 5 ಆಂಪಿಯರ್. ಅಷ್ಟಕ್ಕೆ ಈ ತುಕ್ಕು ಅಡ್ಡ ಬಂದರೂ ಹೋಗೋದು 0.2 ವೋಲ್ಟ್, ಕಣ್ಣಿಗೆ ಗೊತ್ತೂ ಆಗಲ್ಲ. ಇದೇ ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದರು. ವೋಲ್ಟೇಜ್ ಸಾವಿರಗಟ್ಟಲೆ ಏರಿಸಿ ಆಂಪಿಯರ್ ಇಳಿಸಿದ್ದಕ್ಕೇ ಅದು ಸಾಧ್ಯವಾಗಿದ್ದು. ಕಾರಿನಲ್ಲಿ ಲೆಕ್ಕ ಉಲ್ಟಾ: ವೋಲ್ಟ್ ಕಮ್ಮಿ, ಆಂಪಿಯರ್ ಜಾಸ್ತಿ. ಹಾಗಾಗಿ ಎರಡಡಿ ದೂರವೇ ಇಲ್ಲಿ ಕಷ್ಟ.

ಹಳೇ ಕಾರಿರೋರು ಒಂದು ಮಲ್ಟಿಮೀಟರ್ ಇಟ್ಕೊಳ್ಳಿ. ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿ 12.6 ವೋಲ್ಟ್ ಹತ್ರ ಇರಬೇಕು. ಎಂಜಿನ್ ಓಡುವಾಗ 13.8ರಿಂದ 14.4. ಏರದಿದ್ದರೆ ಆಲ್ಟರ್ನೇಟರ್ ಕಡೆ ಹೋಗಿ. ಎರಡೂ ಸರಿಯಿದ್ದರೆ ಅರ್ತ್ ನೋಡಿ. ಹೊಸ ಸಾಮಾನಿನ ಮಾತು ಆಮೇಲೆ.

ಮೇಸ್ತ್ರಿ ಬೋಲ್ಟ್ ಬಿಚ್ಚಿ, ಎಮ್ರಿ ಪೇಪರಲ್ಲಿ ಉಜ್ಜಿ, ಹೊಳೆಯುವ ಹಾಗೆ ಮಾಡಿ ಬಿಗಿದರು. ಒಂದು ರೂಪಾಯಿಯ ಸಾಮಾನೂ ಹಾಕಲಿಲ್ಲ. ಕಾರು ಒಂದೇ ಏಟಿಗೆ ಸ್ಟಾರ್ಟ್. ಮುನ್ನೂರು ಕೇಳಿದರು. ನನ್ನ ಬಾಯಿಂದ ಬಂದ ಮಾತು: ‘ಏನೂ ಹಾಕಿಲ್ವಲ್ಲ, ಇನ್ನೂರು ತಗೊಳಿ.’

ಅವರು ಕೈ ಒರೆಸಿಕೊಳ್ತಾ ಕೇಳಿದರು: ‘ಬ್ಯಾಟ್ರಿ ಹಾಕ್ದೋರ್ ತಾವ ಹಿಂಗೇ ಚೌಕಾಸಿ ಮಾಡಿದ್ರಾ ಸಾ?’

ಮಾಡಿರಲಿಲ್ಲ. ಅಲ್ಲಿ ಡಬ್ಬಿ ಇತ್ತು, ಬಿಲ್ ಇತ್ತು, ವಾರಂಟಿ ಕಾರ್ಡ್ ಇತ್ತು. ಮೊದಲ ಎರಡು ಅಂಗಡಿಗಳನ್ನು ಬೈಯಲು ಶುರು ಮಾಡಿದ ಈ ಬರಹ ನನ್ನ ಕಡೆಗೇ ತಿರುಗೋದು ಇಲ್ಲಿ. ಹಾಕಿದ್ದಕ್ಕೆ ದುಡ್ಡು ಕೊಡ್ತೀವಿ, ಹುಡುಕಿದ್ದಕ್ಕೆ ಕೊಡಲ್ಲ. ಅರ್ಧ ಗಂಟೆ ಮೀಟರ್ ಹಿಡಿದು ನಿಲ್ಲುವವನಿಗೆ ಇನ್ನೂರು, ಐದು ನಿಮಿಷದಲ್ಲಿ ಅಂದಾಜು ಹೊಡೆದು ಸಾಮಾನು ಬದಲಾಯಿಸುವವನಿಗೆ ಸಾವಿರಗಟ್ಟಲೆ. ಹೀಗಿದ್ದ ಮೇಲೆ ಯಾವ ಹುಡುಗ ಮೀಟರ್ ಹಿಡಿಯೋದು ಕಲೀತಾನೆ? ಈಗ ಹೆದ್ದಾರಿ ಮಂಡ್ಯ, ಮದ್ದೂರಿನ ಹೊರಗಿಂದಲೇ ಹೋಗುತ್ತೆ. ಹಳೇ ರಸ್ತೆಯ ಅಂಗಡಿಯವನಿಗೆ ಸಿಗೋ ನಾಲ್ಕು ಗಿರಾಕಿಗಳೂ ನನ್ನ ಥರದವರೇ ಆದರೆ ಅವನು ಬ್ಯಾಟರಿ ಮಾರದೆ ಇನ್ನೇನು ಮಾಡ್ತಾನೆ?

ಐನೂರು ಕೊಟ್ಟೆ. ಅವರು ಮುನ್ನೂರು ಇಟ್ಟುಕೊಂಡು ಇನ್ನೂರು ವಾಪಸ್ ಕೊಟ್ಟರು. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತು, ‘ಕತ್ತಲಾಯ್ತದೆ, ಹತ್ತು’ ಅಂದರು. ಮಂಡ್ಯದವರೆಗೂ ಅವರೇ ಓಡಿಸಿದರು.