ಜನರಿಲ್ಲದ ಕಾಡು, ನೀರು ಸುತ್ತಿದ ಮನೆ

ಸಣ್ಣ ಊರಿನ ಕಲಾಮಂದಿರದಲ್ಲಿ ಸಿನಿಮಾ ತೋರಿಸುವವರು ಎರಡು ಸಂಗತಿ ತೀರ್ಮಾನಿಸಬೇಕು: ಯಾವ ಚಿತ್ರ, ಮತ್ತು ಯಾವುದರ ಜೊತೆಗೆ ಯಾವುದು. ಮೊದಲನೆಯದರ ಬಗ್ಗೆ ಚರ್ಚೆ ನಡೆಯುತ್ತದೆ. ಎರಡನೆಯದು ಸಮಯದ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಜನ ಸೇರುವಷ್ಟರಲ್ಲಿ ಸಾಕ್ಷ್ಯಚಿತ್ರ ಮುಗಿಸಿ, ಆಮೇಲೆ ಕಥಾಚಿತ್ರ ಹಾಕುವುದು ರೂಢಿ. ಟಾಕೀಸುಗಳಲ್ಲಿ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದ ಕಾಲದ ಅಭ್ಯಾಸವೇ ಇದು.

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಮುಂದಿನ ಪ್ರದರ್ಶನಗಳನ್ನು ಯೋಜಿಸುವವರಿಗೆ ನನ್ನದೊಂದು ಸಲಹೆಯಿದೆ: 'ವೈಲ್ಡ್ ಕರ್ನಾಟಕ' ಮತ್ತು 'ದ್ವೀಪ' ಚಿತ್ರಗಳನ್ನು ಒಂದೇ ಸಂಜೆ ತೋರಿಸಿ.

ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ರೂಪಿಸಿದ 'ವೈಲ್ಡ್ ಕರ್ನಾಟಕ' 2020ರಲ್ಲಿ ಚಿತ್ರಮಂದಿರಗಳಿಗೇ ಬಂದ ಸಾಕ್ಷ್ಯಚಿತ್ರ. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ಅದಕ್ಕೆ ದನಿ ಕೊಟ್ಟಿದ್ದಾರೆ. ನಮ್ಮ ಕಾಡನ್ನು ಇಷ್ಟು ತಾಳ್ಮೆಯಿಂದ ನೋಡಿದ ಚಿತ್ರ ಅಪರೂಪ. ಆದರೆ ಅದರ ಚೆಲುವಿಗೆ ಒಂದು ಷರತ್ತಿದೆ: ಮನುಷ್ಯರು ಬಹುಮಟ್ಟಿಗೆ ಚೌಕಟ್ಟಿನ ಹೊರಗೇ ಉಳಿಯಬೇಕು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಕೂತವರಿಗೆ ಈ ಷರತ್ತು ಕಾಣದೇ ಹೋಗಬಹುದು. ತರೀಕೆರೆಯಲ್ಲಿ ಹಾಗಾಗದು. ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಸ್ಥಳಾಂತರಿಸಿದಾಗ ಅನೇಕ ಕುಟುಂಬಗಳು ಬಂದು ನೆಲೆಸಿದ್ದು ಇದೇ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ವನ್ಯಜೀವಿ ಸಂರಕ್ಷಣೆಯ ಬರಹಗಳಲ್ಲಿ ಅದನ್ನು ಯಶಸ್ವಿ ಪುನರ್ವಸತಿಗೆ ಉದಾಹರಣೆಯಾಗಿ ಕೊಡುವುದುಂಟು. ಆ ಮಾತು ನಿಜವೇ ಇರಲಿ, ತೆರೆಯ ಮೇಲಿನ ನಿರ್ಜನ ಕಾಡು ತಾನಾಗಿ ನಿರ್ಜನವಾದದ್ದಲ್ಲ ಎಂದು ಬಲ್ಲ ಪ್ರೇಕ್ಷಕರು ಇಲ್ಲಿದ್ದಾರೆ.

ನಾ. ಡಿಸೋಜರ ಕಾದಂಬರಿ ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ 'ದ್ವೀಪ' (2002) ಚೌಕಟ್ಟಿನಿಂದ ಹೊರಗುಳಿದ ಇಂಥವರದೇ ಕಥೆ. ಅಣೆಕಟ್ಟಿನ ನೀರು ಏರುತ್ತಿದೆ, ಪರಿಹಾರ ಪಡೆದು ಊರವರು ಹೊರಟಿದ್ದಾರೆ, ಒಂದು ಮನೆ ಮಾತ್ರ ಉಳಿದಿದೆ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾ ಮಳೆಯನ್ನು ಬರೀ ಸೊಬಗಾಗಿ ತೋರಿಸುವುದಿಲ್ಲ. ಪ್ರತಿ ಮಳೆಯ ದೃಶ್ಯವೂ ಮನೆಗೂ ನೀರಿಗೂ ಇರುವ ಅಂತರವನ್ನು ಅಳೆಯುತ್ತದೆ. ಸೌಂದರ್ಯಾ ಅಭಿನಯಿಸಿದ ನಾಗಿ ಹಗಲಿರುಳು ದುಡಿದು ಮನೆ ಉಳಿಸುತ್ತಾಳೆ. ಗಂಡ ಗಣಪ ಅದರ ಶ್ರೇಯಸ್ಸನ್ನು ದೇವರಿಗೆ ಒಪ್ಪಿಸುತ್ತಾನೆ. ಮುಳುಗಡೆಯ ದುರಂತದೊಳಗೆ ಇನ್ನೊಂದು ಅನ್ಯಾಯವೂ ಇದೆ ಎಂದು ಗುರುತಿಸಿದ್ದರಿಂದಲೇ 'ದ್ವೀಪ' ಅಣೆಕಟ್ಟು ವಿರೋಧದ ಘೋಷಣೆಯಾಗಿ ಮುಗಿಯುವುದಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ 'ದ್ವೀಪ'ಕ್ಕೆ ಸಿಗುವ ನೋಟವೂ ಒಂದೇ ಆಗಿರದು. ಭದ್ರಾ ಜಲಾಶಯ ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಹಾದುಹೋಗುವುದು ಅಜ್ಜಂಪುರದ ಬಳಿ. ಕಡೂರಿನ ಬಯಲುಸೀಮೆಯ ರೈತರಿಗೆ ಕೆರೆಗೆ ನೀರು ಬರುವುದೇ ದೊಡ್ಡ ಸುದ್ದಿ. ನಾಗಿಯ ಮನೆಯ ಕಡೆಗೆ ಏರಿಬರುವ ನೀರು ಒಬ್ಬರಿಗೆ ಕಳೆದುಕೊಂಡ ನೆಲವಾದರೆ, ಪಕ್ಕದ ಕುರ್ಚಿಯವರಿಗೆ ಎಷ್ಟೋ ವರ್ಷ ಕಾದ ನೀರು. ಇಬ್ಬರೂ ಪೂರ್ತಿ ಸುಳ್ಳಲ್ಲ. ಈ ಇಕ್ಕಟ್ಟನ್ನು 'ದ್ವೀಪ' ತಾನಾಗಿ ಎತ್ತುವುದಿಲ್ಲ. ಅದು ಮುಳುಗುವವರ ಪಕ್ಕದಲ್ಲೇ ನಿಲ್ಲುತ್ತದೆ. ಆ ಕೊರತೆಯನ್ನು ತುಂಬಬೇಕಾದವರು ಪ್ರೇಕ್ಷಕರು.

ಅದಕ್ಕೆ ಪ್ರದರ್ಶನದ ನಂತರದ ಮಾತುಕತೆ ಬೇಕು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಹಳ್ಳಿಗರ ಮುಂದೆ ಸತ್ಯಜಿತ್ ರಾಯ್, ಕುರೊಸಾವಾ ಚಿತ್ರಗಳನ್ನು ಇಟ್ಟಾಗ 'ಇದು ಇವರಿಗೆ ಅರ್ಥವಾಗುತ್ತದೆಯೇ' ಎಂಬ ಅನುಮಾನಕ್ಕೆ ಅಲ್ಲಿನ ಪ್ರೇಕ್ಷಕರೇ ಉತ್ತರ ಕೊಟ್ಟರು. ನಮ್ಮ ಕಲಾಮಂದಿರಗಳು ಅಲ್ಲಿಂದ ಕಲಿಯಬೇಕಾದದ್ದು ಈ ನಂಬಿಕೆಯನ್ನು.

ಆದ್ದರಿಂದ ಆ ಸಂಜೆ 'ವೈಲ್ಡ್ ಕರ್ನಾಟಕ' ಮೊದಲಿರಲಿ, ಆದರೆ ಬಾಗಿಲು ಮುಚ್ಚಿದ ಮೇಲೆ, ಪೂರ್ತಿ ಸಭೆಯ ಮುಂದೆ. 'ದ್ವೀಪ' ಮುಗಿದ ಮೇಲೆ ಅತಿಥಿಗಳ ಭಾಷಣ ಬೇಡ. ಎಂ.ಸಿ. ಹಳ್ಳಿಯಿಂದ ಬಂದ ಒಬ್ಬರು, ಕಡೂರು ಕಡೆಯ ರೈತರೊಬ್ಬರು ಮೊದಲು ಮಾತಾಡಲಿ. ನಮ್ಮಂಥ ಸಂಶೋಧಕರ ಸರದಿ ಆಮೇಲೆ.