ಒಂದೇ ಹಾಳೆಯಲ್ಲಿ ಹಿಡಿಸದ ಶಾಸನಗಳು

ಶಾಸನಾಸಕ್ತರ ನಡುವೆ ಈಚೆಗೆ ಎಕ್ಸೆಲ್ ಪಟ್ಟಿಗಳು ಹೆಚ್ಚು ಓಡಾಡುತ್ತಿವೆ. ಕಾಕತಿಯಲ್ಲಿ ಕೂತು ನಾನೂ ಬೆಳಗಾವಿ, ಖಾನಾಪುರ ಭಾಗದ ಶಾಸನಗಳಿಗೆ ಅಂಥದೊಂದು ಮಾಡಿದ್ದೆ. ಒಂದು ಶಾಸನಕ್ಕೆ ಒಂದು ಸಾಲು. ಊರು, ಅರಸ, ಕಾಲ, ದಾನ ಅಂತ ಕಾಲಂಗಳು. ಇವುಗಳ ಹಿಂದಿನ ಶ್ರಮದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಆ ರಚನೆಯ ಬಗ್ಗೆ: ಶಾಸನಗಳ ನಡುವಿನ ಸಂಬಂಧವನ್ನೇ ಅದು ಅಳಿಸಿಹಾಕುತ್ತದೆ.

ಖಾನಾಪುರ ತಾಲ್ಲೂಕಿನ ಹಲಸಿಯನ್ನೇ ನೋಡ್ರಿ. ಅಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಫ್ಲೀಟ್ 1877ರಲ್ಲಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಪ್ರಕಟಿಸಿದರು. ಕಾಕುಸ್ಥವರ್ಮನ ಪಟದಲ್ಲಿ ಸೇನಾಪತಿ ಶ್ರುತಕೀರ್ತಿಗೆ ಖೇಟ ಗ್ರಾಮದಲ್ಲಿ ಭೂಮಿ ಕೊಟ್ಟ ಸಂಗತಿ ಇದೆ. ಅವನ ಮರಿಮಗ ರವಿವರ್ಮನ ಪಟವು ಅದೇ ಶ್ರುತಕೀರ್ತಿಯನ್ನು ನೆನೆದು, ಶಾಂತಿವರ್ಮ, ಮೃಗೇಶವರ್ಮರನ್ನು ಹೆಸರಿಸಿ, ಆ ಮನೆತನದ ಜಯಕೀರ್ತಿಯವರೆಗೆ ಬರುತ್ತದೆ.

ಇದನ್ನು ‘ಅರಸ’ ಕಾಲಂನಲ್ಲಿ ಹೇಗೆ ಬರೀತೀರಿ? ರವಿವರ್ಮ ಅಂತ ಮಾತ್ರ ಬರೆದರೆ ಉಳಿದ ಮೂವರು ಮಾಯ. ನಾಲ್ಕೂ ಹೆಸರು ಒಂದೇ ಮನೆಯಲ್ಲಿ ತುಂಬಿದರೆ ಹುಡುಕೋದು, ಎಣಿಸೋದು ಕಷ್ಟ. ‘ಅರಸ 1’, ‘ಅರಸ 2’ ಅಂತ ಕಾಲಂ ಹೆಚ್ಚಿಸುತ್ತ ಹೋದರೆ ಅದಕ್ಕೆ ಕೊನೆಯೇ ಇಲ್ಲ.

1970ರಲ್ಲಿ ಐಬಿಎಂನ ಇ. ಎಫ್. ಕಾಡ್ ಮಂಡಿಸಿದ ರಿಲೇಷನಲ್ ಮಾದರಿ ಇಂಥ ತೊಡಕಿಗೇ ಉತ್ತರ. ಶಾಸನಗಳಿಗೊಂದು ಕೋಷ್ಟಕ, ವ್ಯಕ್ತಿಗಳಿಗೊಂದು ಕೋಷ್ಟಕ. ಪ್ರತಿ ಸಾಲಿಗೂ ಬದಲಾಗದ ಒಂದು ಸಂಖ್ಯೆ. ಅದೇ ಪ್ರೈಮರಿ ಕೀ. ಮೂರನೆಯ ಕೋಷ್ಟಕದಲ್ಲಿ ಶಾಸನದ ಸಂಖ್ಯೆ, ವ್ಯಕ್ತಿಯ ಸಂಖ್ಯೆ, ಅವನ ಪಾತ್ರ: ದಾನಿಯೋ, ಪಡೆದವನೋ, ಪೂರ್ವಜನೋ. ಹೀಗೆ ಬೇರೆ ಕೋಷ್ಟಕದಿಂದ ಬಂದು ಕೂತ ಸಂಖ್ಯೆ ಫಾರಿನ್ ಕೀ. ಈಗ ಶ್ರುತಕೀರ್ತಿ ಅಂತ ಕೇಳಿದರೆ ಎರಡೂ ಪಟಗಳು ಒಟ್ಟಿಗೆ ಎದುರು ಬರುತ್ತವೆ. ಇದೇ ಜಾಯಿನ್.

ಊರಿನ ಕಾಲಂ ಕಥೆಯೂ ಇಷ್ಟೇ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿಯ ಜೈನ ಶಾಸನ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಊರು ಯಾವುದು? ಸಿಕ್ಕ ಜಾಗ ಬೇರೆ, ಈಗಿರುವ ಜಾಗ ಬೇರೆ. ಹಾಗಾಗಿ ಊರುಗಳಿಗೂ ಒಂದು ಕೋಷ್ಟಕ ಬೇಕು. ಬೆಳಗಾವಿ ಮತ್ತು ವೇಣುಗ್ರಾಮ, ಹಲಸಿ ಮತ್ತು ಪಲಾಶಿಕಾ ಒಂದೇ ಅಂತ ಅಲ್ಲಿ ಒಮ್ಮೆ ದಾಖಲಿಸಿದರೆ ಸಾಕು. ಗ್ರಂಥದ ಶಾಸನ ಸಂಖ್ಯೆಯನ್ನೂ ಕೀ ಮಾಡಬಾರದು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಸಂಖ್ಯೆಗಳು ಪರಿಷ್ಕೃತ ಆವೃತ್ತಿಯಲ್ಲಿ ಬದಲಾಗಿವೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಎರಡು ಶಾಸನಗಳಲ್ಲಿ ಬರುವ ಒಂದೇ ಹೆಸರಿನವರು ಒಬ್ಬನೇ ಹೌದೋ ಅಲ್ಲವೋ ಅನ್ನೋದನ್ನು ಡೇಟಾಬೇಸ್ ಹೇಳಲ್ಲ. ಅದು ಪಾಠ ಓದಿದವರ ತೀರ್ಮಾನ. ಆದ್ದರಿಂದ ಶಾಸನದಲ್ಲಿ ಇದ್ದ ಹಾಗೇ ಹೆಸರನ್ನು ಉಳಿಸಿ, ನಮ್ಮ ತೀರ್ಮಾನವನ್ನು ಬೇರೆ ಕಾಲಂನಲ್ಲಿ ಬರೆಯೋಣ. ನಾವು ತಪ್ಪಿದ್ದರೆ ಮುಂದಿನವರು ತಿದ್ದಿಕೊಳ್ಳುತ್ತಾರೆ.

ನನ್ನ ಹಳೆಯ ಹಾಳೆಯಲ್ಲಿ ಈ ಎರಡು ಪಟಗಳು ದೂರದೂರದ ಎರಡು ಸಾಲುಗಳಾಗಿದ್ದವು. ಒಂದು ಮನೆತನ ನಾಲ್ಕು ಅರಸರ ಕಾಲ ದಾಟಿ ಬಂದ ಕಥೆ ನನ್ನ ಪಟ್ಟಿಯಲ್ಲೇ ಇತ್ತು, ನನಗೇ ಕಂಡಿರಲಿಲ್ಲ.